ಬೆಲ್ಲ ಹೇರಿ ಹೋಗಿ ನೂಲು ಹೇರಿ ಬಂದದ್ದು

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಜಮಖಂಡಿ ಬಿಟ್ಟು ಏಳೂ ಮುಕ್ಕಾಲಿಗೆ ಮಹಾಲಿಂಗಪುರದಲ್ಲಿ ಇಳಿದೆ. ಹೆಂಗಸರಿಗೆ ಈಗ ಬಸ್ಸಿನ ಹಣವಿಲ್ಲ. ಕಂಡಕ್ಟರು ಆಧಾರ್ ಕಾರ್ಡು ನೋಡಿ ಶೂನ್ಯದ ಚೀಟಿ ಕೊಟ್ಟ. ನನ್ನ ಹತ್ತಿರ ಇದ್ದದ್ದು ಒಂದೇ ಚೀಲ: ಮೂರು ಸೀರೆ, ಒಂದು ಶಾಲು, ಬಿ.ಪಿ. ಯಂತ್ರ, ಸಕ್ಕರೆ ನೋಡುವ ಸಣ್ಣ ಯಂತ್ರ, ಹತ್ತಿ, ಅಂಟುಪಟ್ಟಿ, ಒಂದು ಕೈಗಡಿಯಾರ ಹೆಚ್ಚಿನದು. ಮೂವತ್ತಾರು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ಸಿಸ್ಟರ್ ಆಗಿದ್ದವಳು ನಾನು. ಮೊದಲು ಬೀಳಗಿ ಕಡೆಯ ಹಳ್ಳಿಗಳಲ್ಲಿ, ಆಮೇಲೆ ಜಮಖಂಡಿಯಲ್ಲಿ. ನಿವೃತ್ತಿಯಾಗಿ ಎಂಟು ವರ್ಷವಾದರೂ ಬೆಳಿಗ್ಗೆ ಐದಕ್ಕೆ ಕಣ್ಣು ತಾನಾಗಿ ತೆರೆಯುತ್ತದೆ.

ಅರವತ್ತೆಂಟನೆಯ ವಯಸ್ಸಿನಲ್ಲಿ ಲಾರಿ ಹತ್ತುವ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಮ್ಮ ಮಹಾದೇವ ಮುಧೋಳದಲ್ಲಿರುತ್ತಾನೆ. ಐವತ್ತಾರು ವಯಸ್ಸು, ಮೂವತ್ತೆರಡು ವರ್ಷದಿಂದ ಲಾರಿ ಡ್ರೈವರ್. ಮಹಾಲಿಂಗಪುರದ ಬೆಲ್ಲವನ್ನು ಗುಜರಾತಿಗೆ ಒಯ್ಯುವುದು, ಬರುವಾಗ ಸೂರತ್ತಿನಿಂದ ಬನಹಟ್ಟಿಯ ಮಗ್ಗಗಳಿಗೆ ನೂಲು ತರುವುದು ಅವನ ಲೈನು. ಆರು ತಿಂಗಳ ಹಿಂದೆ ಅವನಿಗೆ ಸಕ್ಕರೆ ಕಾಯಿಲೆ ಬಂತು. ಅವನ ಹೆಂಡತಿ ಕಸ್ತೂರಿ ಅವನನ್ನು ಕರೆದುಕೊಂಡು ಜಮಖಂಡಿಗೆ ನನ್ನ ಮನೆಗೆ ಬಂದಳು.

"ಇನ್ನ ಸಾಕ್ರೀ ಅಕ್ಕಾರ," ಎಂದಳು ಕಸ್ತೂರಿ. "ಗಾಡಿ ಮ್ಯಾಲ ಇವ್ರಿಗೆ ಊಟದ ಖಬರಿಲ್ಲ, ಗುಳಿಗಿ ಖಬರಿಲ್ಲ. ಎಲ್ಲೆರೆ ಚಕ್ಕರ್ ಬಂದು ಬಿದ್ರ? ಗಾಡಿ ಬಿಟ್ಟು ಮನ್ಯಾಗ ಕುಂದ್ರಾಕ ಹೇಳ್ರಿ."

"ಮನ್ಯಾಗ ಕುಂತು ಏನ್ ಮಾಡ್ಲಿ? ನಿನ್ನ ಮಾರಿ ನೋಡ್ಲೇನು?" ಎಂದ ಮಹಾದೇವ.

"ಮೂವತ್ತ ವರ್ಷ ನೋಡಿಲ್ಲ, ಈಗರೆ ನೋಡ್ರಿ."

ಒಂದು ತಾಸು ಜಗಳವಾಡಿ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ನಾನು ಒಂದು ಟ್ರಿಪ್ ಅವನ ಜೊತೆ ಹೋಗಿ ಎಲ್ಲವನ್ನೂ ಕಣ್ಣಾರೆ ನೋಡಬೇಕು. ಹೊತ್ತಿಗೆ ಸರಿಯಾಗಿ ಊಟ, ಗುಳಿಗೆ ನಡೆಯುವಂತಿದ್ದರೆ ಅವನು ಗಾಡಿ ಹೊಡೆಯಲಿ, ಕಸ್ತೂರಿ ಸುಮ್ಮನಿರಬೇಕು. ನಾನು ಆಗದು ಎಂದರೆ ಅವನು ಕೀಲಿಯನ್ನು ಲಾರಿ ಮಾಲಕರ ಕೈಗೆ ಕೊಟ್ಟುಬಿಡಬೇಕು. ಡಾಕ್ಟರರೂ ಊಟ-ಗುಳಿಗೆ ನೇಮ ತಪ್ಪದಿದ್ದರೆ ಗಾಡಿ ನಡೆಸಬಹುದು ಎಂದಿದ್ದರು. ನೇಮ ಎಂದರೆ ನನ್ನ ಕೆಲಸ. ಹಾಗಾಗಿ ಹೊರಟೆ.

ಬೆಲ್ಲದ ಅಂಗಡಿಯ ಮುಂದೆ ಲಾರಿ ತುಂಬುತ್ತಿತ್ತು. ಬಿಳಿ ಬಟ್ಟೆ ಸುತ್ತಿದ ಹತ್ತು ಹತ್ತು ಕಿಲೋದ ಪೆಂಟಿಗಳು, ಒಟ್ಟು ಹದಿನಾರು ಟನ್ನು. ಹಮಾಲರ ಮುಖಂಡ ಯಮನಪ್ಪ ನನ್ನನ್ನು ನೋಡಿ ಬೆನ್ನ ಮೇಲಿನ ಹೊರೆ ಇಳಿಸದೆಯೇ ಕೂಗಿದ: "ಏನ್ ಮಾದೇವಣ್ಣ, ಈ ಸಲ ಕ್ಲೀನರ್ ಭಾಳ ಹಿರ್ಯಾರು ಸಿಕ್ಕಾರಲ್ಲೋ!"

"ಕ್ಲೀನರ್ ಅಲ್ಲಪಾ, ಇನ್‌ಸ್ಪೆಕ್ಟರ್," ಎಂದ ತಮ್ಮ. "ಬಾಯಿ ಬಂದ್ ಮಾಡಿ ಹೇರು. ಇಲ್ಲಾಂದ್ರ ನಿನಗೂ ಸೂಜಿ ಚುಚ್ಚತಾಳ."

ಈಗ ಕ್ಲೀನರ್ ಇಟ್ಟುಕೊಳ್ಳುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಡ್ರೈವರ್ ಒಬ್ಬನೇ ಗಾಡಿ ಹೊಡೆಯಬೇಕು, ಒಬ್ಬನೇ ಹಗ್ಗ ಬಿಗಿಯಬೇಕು. ಅವರು ತುಂಬುವಷ್ಟರಲ್ಲಿ ನಾನು ಕ್ಯಾಬಿನ್ ತಪಾಸಣೆ ಮಾಡಿದೆ. ಸೀಟಿನ ಹಿಂದಿನ ಮಲಗುವ ಹಲಗೆಯ ಹಾಸಿಗೆಯನ್ನು ಕೊಡವಿ ಬಿಸಿಲಿಗೆ ಹಾಕಿದೆ. ಪೆಟ್ಟಿಗೆಯಲ್ಲಿ ಸಕ್ಕರೆ ಡಬ್ಬಿ, ಎರಡು ಪುಡಿಕೆ ಬಿಸ್ಕೀಟು, ಬಾಟಲಿ ತುಂಬ ಪೆಪ್ಪರಮಿಂಟು, ಬೆಳಗಾವಿಯ ಅರ್ಧ ಕಿಲೋ ಕುಂದಾ ಸಿಕ್ಕವು. ಎಲ್ಲವನ್ನೂ ಯಮನಪ್ಪನ ಕೈಗೆ ಕೊಟ್ಟೆ.

"ಅಕ್ಕಾ, ಸಕ್ರಿ ಡಬ್ಬಿರೆ ಇರ್ಲಿ," ಎಂದು ತಮ್ಮ ಬೇಡಿಕೊಂಡ. "ಯಾರರೆ ದೋಸ್ತರು ಚಾಕ್ಕ ಬಂದ್ರ?"

"ಬಂದವ್ರು ಸಪ್ಪನ ಚಾ ಕುಡೀಲಿ."

ಆಮೇಲೆ ಒಂದು ಹಾಳೆಯಲ್ಲಿ ವೇಳಾಪಟ್ಟಿ ಬರೆದು ಅಂಟುಪಟ್ಟಿಯಿಂದ ಸ್ಟಿಯರಿಂಗಿನ ಎದುರಿಗೆ ಅಂಟಿಸಿದೆ. ಏಳೂವರೆಗೆ ಗುಳಿಗೆ, ಎಂಟಕ್ಕೆ ನಾಷ್ಟಾ. ಒಂದಕ್ಕೆ ಊಟ. ಸಂಜೆ ಏಳೂವರೆಗೆ ಗುಳಿಗೆ, ಎಂಟಕ್ಕೆ ಊಟ. ಹತ್ತರ ಒಳಗೆ ನಿದ್ದೆ. ತಮ್ಮ ಅದನ್ನು ಓದಿ, "ಇದರಾಗ ಗಾಡಿ ಹೊಡ್ಯೂದು ಯಾವಾಗ ಅಂತ ಬರದೇ ಇಲ್ಲಲ್ಲ," ಎಂದ.

ಎರಡು ಗಂಟೆಗೆ ಹೊರಟೆವು. ಹೊರಡುವ ಮುಂಚೆ ಅವನು ಒಂದು ಕಬ್ಬಿಣದ ರಾಡು ಹಿಡಿದು ಹತ್ತೂ ಗಾಲಿಗಳನ್ನು ಬಡಿದು ಸದ್ದು ಕೇಳಿದ. ಗಾಳಿ ಸರಿಯಿದ್ದರೆ ಟಣ್ ಎನ್ನಬೇಕು, ಕಡಿಮೆಯಿದ್ದರೆ ದಪ್ ಎನ್ನುತ್ತದೆ ಎಂದು ವಿವರಿಸಿದ. ಎದೆ ಬಡಿದು ನೋಡುವ ಡಾಕ್ಟರರ ನೆನಪಾಗಿ ನನಗೆ ಮೆಚ್ಚುಗೆಯಾಯಿತು. ಬನಹಟ್ಟಿ ದಾಟುವಾಗ ಎರಡೂ ಬದಿಯ ಓಣಿಗಳಿಂದ ಪಾವರ್‌ಲೂಮಿನ ಸದ್ದು ಇಂಜಿನ್ನಿನ ಸದ್ದಿಗೂ ಮೇಲಾಗಿ ಕೇಳುತ್ತಿತ್ತು. ತೇರದಾಳ ದಾಟಿ ಕುಡಚಿಯ ಸೇತುವೆಯ ಮೇಲೆ ಕೃಷ್ಣೆಯನ್ನು ನೋಡುವಾಗ ನಾಲ್ಕು ಗಂಟೆ. ಲಾರಿಯ ಎತ್ತರದಿಂದ ನೋಡಿದರೆ ಬಸ್ಸಿನಿಂದ ಕಾಣದ ಎಷ್ಟೋ ಕಾಣುತ್ತದೆ: ಕಬ್ಬಿನ ಗದ್ದೆಯ ನಡುವಿನ ಕಾಲುದಾರಿ, ಮನೆಗಳ ಮಾಳಿಗೆಯ ಮೇಲೆ ಒಣಗಿಸಿದ ಮೆಣಸಿನಕಾಯಿ, ಕಾಂಪೌಂಡಿನ ಒಳಗೆ ಕಟ್ಟಿದ ಎಮ್ಮೆ. ಮೀರಜದಲ್ಲಿ ಸಪ್ಪನ ಚಹಾ ಕುಡಿದು, ಪೇಠನಾಕಾದಲ್ಲಿ ದೊಡ್ಡ ಹೆದ್ದಾರಿ ಸೇರಿ, ಏಳೂವರೆಗೆ ಸರಿಯಾಗಿ ಒಂದು ಧಾಬಾದ ಅಂಗಳದಲ್ಲಿ ನಿಂತೆವು. ಗುಳಿಗೆ ಕೊಟ್ಟೆ. ಎಂಟಕ್ಕೆ ಊಟ ಬಂತು. ಮೊದಲ ದಿನದ ವೇಳಾಪಟ್ಟಿ ಒಂದು ನಿಮಿಷವೂ ತಪ್ಪಲಿಲ್ಲ.

ಅಲ್ಲಿ ನಮ್ಮ ಕಡೆಯ ಡ್ರೈವರುಗಳು ನಾಲ್ಕೈದು ಜನ ಇದ್ದರು. ಲಾರಿಯ ಹೊಟ್ಟೆಗೆ ತಗುಲಿಸಿದ ಪೆಟ್ಟಿಗೆಯಿಂದ ಎಲ್ಲರೂ ಸ್ಟೋವು, ಕಟಕ ರೊಟ್ಟಿ, ಶೇಂಗಾ ಚಟ್ನಿ ಹೊರಗೆ ತೆಗೆಯುತ್ತಾರೆ. ಧಾಬಾದಿಂದ ಪಲ್ಯ ಮಾತ್ರ ಕೊಳ್ಳುವುದು. ಊಟವಾದ ಮೇಲೆ ತಮ್ಮ ಹೊರಗಿನ ಹೊರಸಿನ ಮೇಲೆ ಮಲಗಿದ, ನಾನು ಕ್ಯಾಬಿನ್ನಿನ ಹಲಗೆಯ ಮೇಲೆ. ಬೆಳಿಗ್ಗೆ ಐದಕ್ಕೆ ಸ್ನಾನ. ಗಂಡಸರಿಗೆ ಬಯಲಲ್ಲೇ ನೀರಿನ ತೊಟ್ಟಿ. ನನಗೆ ಇಪ್ಪತ್ತು ರೂಪಾಯಿಗೆ ಒಂದು ಬಕೆಟ್ ಬಿಸಿನೀರು ಮತ್ತು ತಗಡಿನ ಬಾಗಿಲ ಕೋಣೆ. ಹೆಂಗಸರ ಪಾಯಖಾನೆಗೆ ಬೀಗ ಹಾಕಿತ್ತು. ಬೀಗದ ಕೀಲಿ ಎಲ್ಲಿದೆ ಎಂಬುದು ಧಾಬಾದವನಿಗೇ ಮರೆತಿತ್ತು. ಹುಡುಕಿಸಿ ತೆಗೆಸಿ, ಫಿನಾಯಿಲ್ ಹಾಕಿಸಿ ಬಳಸಿದೆ. ಹೆಂಗಸರು ಬರುವುದಿಲ್ಲವೆಂದು ಬೀಗ, ಬೀಗವೆಂದು ಹೆಂಗಸರು ಬರುವುದಿಲ್ಲ.

ಎರಡನೆಯ ದಿನ ಕರಾಡ, ಸಾತಾರಾ, ಆಮೇಲೆ ಪುಣೆಯ ಹೊರವರ್ತುಲ. ಆ ದಿನ ನಾನು ಡ್ರೈವರನ ಕೆಲಸವನ್ನು ಗಮನವಿಟ್ಟು ನೋಡಿದೆ. ಸ್ಟಿಯರಿಂಗ್ ತಿರುಗಿಸುವುದು ಅದರಲ್ಲಿ ಕಾಲು ಭಾಗ. ಉಳಿದದ್ದೆಲ್ಲ ಕಾಯುವುದು: ಟೋಲಿನಲ್ಲಿ, ತೂಕದ ಕಟ್ಟೆಯ ಮುಂದೆ, ಡೀಸೆಲ್ ಸಾಲಿನಲ್ಲಿ. ನೂರು ಕಿಲೋಮೀಟರಿಗೊಮ್ಮೆ ಇಳಿದು ಗಾಲಿ ಬಡಿಯುವುದು, ಹಗ್ಗ ಜಗ್ಗಿ ನೋಡುವುದು. ಬಿಸಿಲೇರಿದಂತೆ ಮೇಲೆ ಹೊದಿಸಿದ ತಾಡಪತ್ರಿಯ ಒಂದು ಮೂಲೆ ಎತ್ತಿ ಬೆಲ್ಲಕ್ಕೆ ಗಾಳಿಯಾಡಲು ಬಿಡುವುದು. ಇಲ್ಲದಿದ್ದರೆ ಬೆಲ್ಲ ಬೆವರುತ್ತದೆಯಂತೆ. ನಡುನಡುವೆ ಮಾಲಕರ ಫೋನು, "ಎಲ್ಲಿದಿ?" ಎಂದು. ಕಸ್ತೂರಿಯ ಫೋನು ಮಧ್ಯಾಹ್ನ ಒಂದೂವರೆಗೆ, "ಉಂಡ್ರಿ?" ಎಂದು. ಎರಡಕ್ಕೂ ಅವನು ಒಂದೇ ದನಿಯಲ್ಲಿ ಉತ್ತರಿಸುತ್ತಿದ್ದ. ಆ ಸಂಜೆ ಲೋಣಾವಳಾದ ಈಚೆಗೆ ನಿಂತೆವು. ಚಳಿಯಿತ್ತು. ಅವನ ಸಕ್ಕರೆ ನೋಡಿದೆ, ಚೆನ್ನಾಗಿತ್ತು. ಕಸ್ತೂರಿಗೆ ಹೇಳಬೇಕಾದ ಮಾತು ನನ್ನ ಮನಸ್ಸಿನಲ್ಲಿ ಹೆಚ್ಚುಕಡಿಮೆ ಸಿದ್ಧವಾಗಿತ್ತು.

ಮೂರನೆಯ ದಿನ ಗದ್ದಲಕ್ಕೆ ಮುಂಚೆ ಲೋಣಾವಳಾದ ಆಚೆಯ ಘಾಟ್ ಇಳಿದುಬಿಡಬೇಕೆಂದು ಅವನು ಆರೂವರೆಗೇ ಗಾಡಿ ಹೊರಡಿಸಿದ. ಎಂಟರ ಒಳಗೆ ಕೆಳಗಿನ ಹೋಟೆಲು ಮುಟ್ಟಿ ನಾಷ್ಟಾ ಮಾಡುವುದೆಂದು ಲೆಕ್ಕ. ಏಳೂವರೆಗೆ ನಾನು ಗುಳಿಗೆ ಮತ್ತು ನೀರು ಮುಂದೆ ಹಿಡಿದೆ.

"ಕೆಳಗ ಇಳದ ಮ್ಯಾಲ ತಗೊಂತೀನಿ ಬಿಡ ಅಕ್ಕಾ," ಎಂದ.

"ಏಳೂವರಿ ಅಂದ್ರ ಏಳೂವರಿ."

ಅವನು ನುಂಗಿದ. ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಮುಂದೆ ಎಲ್ಲವೂ ನಿಂತವು. ಇಳಿಜಾರಿನಲ್ಲಿ ಯಾವುದೋ ದೊಡ್ಡ ಕಂಟೇನರು ಕೆಟ್ಟು ಅಡ್ಡ ನಿಂತಿತ್ತು. ಅಲ್ಲಿಂದ ಮುಂದೆ ಹತ್ತು ಮಾರು ಇಳಿಯುವುದು, ನಿಲ್ಲುವುದು, ಮತ್ತೆ ಹತ್ತು ಮಾರು. ಬೆನ್ನ ಹಿಂದೆ ಹದಿನಾರು ಟನ್ನು ಬೆಲ್ಲ ಕೆಳಕ್ಕೆ ದೂಡುತ್ತಿರುವಾಗ ಅವನ ಎರಡೂ ಕಾಲು, ಎರಡೂ ಕೈಗೆ ಬಿಡುವಿರಲಿಲ್ಲ. ರೊಟ್ಟಿ ಇದ್ದದ್ದು ಲಾರಿಯ ಹೊಟ್ಟೆಯ ಪೆಟ್ಟಿಗೆಯಲ್ಲಿ; ಆ ಇಳಿಜಾರಿನಲ್ಲಿ ಇಳಿದು ಹೋಗುವಂತಿರಲಿಲ್ಲ. ಎಂಟೂವರೆಯಾಯಿತು, ಒಂಬತ್ತಾಯಿತು. ನಾನು ಗಡಿಯಾರ ನೋಡಿದಾಗಲೆಲ್ಲ ಅವನು, "ಘಾಟ್ ಇಳೀಲಿ, ಘಾಟ್ ಇಳೀಲಿ" ಎನ್ನುತ್ತಿದ್ದ.

ಇಲ್ಲಿ ನನ್ನ ತಪ್ಪನ್ನು ನಾನೇ ಬರೆಯಬೇಕು. ಆ ಗುಳಿಗೆ ಹೊಟ್ಟೆಗೆ ಹೋದ ಅರ್ಧ ತಾಸಿಗೆ ಅನ್ನ ಬೀಳಲೇಬೇಕು, ಇಲ್ಲದಿದ್ದರೆ ಮೈಯ ಸಕ್ಕರೆ ತೀರ ಇಳಿದುಬಿಡುತ್ತದೆ. ಇದು ನನಗೆ ಬಾಯಿಪಾಠ, ಎಷ್ಟೋ ಹುಡುಗಿಯರಿಗೆ ಪಾಠ ಹೇಳಿದ್ದೇನೆ. ಆದರೆ ವಾರ್ಡಿನಲ್ಲಿ ನಾನು ಗುಳಿಗೆ ಹಂಚಿ ಮುಗಿಸುವಷ್ಟರಲ್ಲಿ ಊಟದ ಗಾಡಿ ತಾನಾಗಿ ಬಾಗಿಲಿಗೆ ಬರುತ್ತಿತ್ತು. ಮೂವತ್ತಾರು ವರ್ಷದಲ್ಲಿ ಒಂದು ದಿನವೂ ನಾನು ಊಟ ಎಲ್ಲಿದೆ ಎಂದು ನೋಡಿ ಗುಳಿಗೆ ಕೊಟ್ಟವಳಲ್ಲ. ಗಡಿಯಾರ ನೋಡಿ ಕೊಟ್ಟವಳು. ರಸ್ತೆಯ ಮೇಲೆ ಊಟದ ಗಾಡಿ ಬರುವುದಿಲ್ಲ.

ಘಾಟ್ ಇಳಿದು ರಸ್ತೆ ಸಡಿಲವಾದಾಗ ಒಂಬತ್ತೂ ಹತ್ತು. ಗಾಡಿಗಳೆಲ್ಲ ಬಿಟ್ಟ ಬಾಣದಂತೆ ಓಡತೊಡಗಿದವು. ಆಗ ತಮ್ಮ ಮೆಲ್ಲಗೆ, "ಅಕ್ಕಾ, ಕೈ ನಡಗಾಕತ್ತಾವ. ಗಾಡಿ ಬಾಜೂಕ ಹಾಕ್ತೀನಿ," ಎಂದ. ನೋಡಿದರೆ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು.

ನನ್ನ ಬಾಯಿಂದ ಬಂದ ಮಾತು ಹೀಗಿತ್ತು: "ಹೋಟೆಲ್ ಎಷ್ಟ ದೂರೈತಿ? ಹತ್ತ ನಿಮಿಷ ಆಗಬಹುದು ಹೌದಲ್ಲ?"

"ಹತ್ತ ನಿಮಿಷ ಅಲ್ಲ, ಇನ್ನ ಹತ್ತ ಮಾರು ಹೊಡ್ಯಂಗಿಲ್ಲ."

ಎಡಗಡೆ ಒಂದು ಅಗಲ ಜಾಗದಲ್ಲಿ ಬಿಳಿ ಗೆರೆಯ ಪೂರ್ತಿ ಹೊರಗೆ ಲಾರಿ ನಿಲ್ಲಿಸಿದ. ನಾಲ್ಕೂ ದೀಪ ಮಿಣುಕಲು ಹಚ್ಚಿದ, ಗೇರಿನಲ್ಲಿಟ್ಟ, ಬ್ರೇಕು ಎಳೆದ, ಕೀಲಿ ತೆಗೆದು ನನ್ನ ಕೈಯಲ್ಲಿಟ್ಟ. ನಾನು ಚೀಲಕ್ಕೆ ಕೈ ಹಾಕಿದರೆ, "ಮೊದಲ ಗಾಲಿಗೆ ಕಲ್ಲ ಕೊಡು. ಆಮ್ಯಾಲ ನಾನು," ಎಂದ. ದನಿ ತೊದಲುತ್ತಿತ್ತು, ಆದರೆ ಮಾತು ಆಜ್ಞೆಯಾಗಿತ್ತು. ಇಳಿದು ಹಿಂದಿನ ಗಾಲಿಗೆ ಎರಡು ಕಲ್ಲು ಕೊಟ್ಟು ಬಂದೆ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಐವತ್ನಾಲ್ಕು; ಎಪ್ಪತ್ತರ ಕೆಳಗಿಳಿದರೆ ಅಪಾಯ.

ಆ ಹೊತ್ತಿಗೆ ರೊಟ್ಟಿ ಜಗಿದು ಕೂರುವುದಲ್ಲ, ಕೂಡಲೇ ಸಿಹಿ ಬೇಕು. ಕ್ಯಾಬಿನ್ನಿನಲ್ಲಿ ಒಂದು ಕಾಳು ಸಕ್ಕರೆ ಇರಲಿಲ್ಲ. ತಮ್ಮ ನನ್ನ ಮುಖ ನೋಡಿ, "ನನ್ನ ಸಕ್ರಿ ಡಬ್ಬಿ ಯಮನಪ್ಪನ ಮನ್ಯಾಗ ಚಾ ಕುಡ್ಯಾಕತ್ತೈತಿ," ಎಂದ. ರಸ್ತೆಯ ಬದಿಗೆ ನಿಂತು ಕೈ ಬೀಸಿದೆ. ಒಂದು ತಾಸಿಗೂ ಮೇಲೆ ತಡವಾಗಿದ್ದ ಕಾರುಗಳು, ಒಂದೂ ನಿಲ್ಲಲಿಲ್ಲ. ತಿರುಗಿ ನೋಡಿದರೆ ತಾಡಪತ್ರಿಯ ಕೆಳಗೆ ಹದಿನಾರು ಟನ್ನು.

"ಬ್ಯಾಡ," ಎಂದ ಅವನು, ನಾನು ಬಾಯಿ ತೆರೆಯುವ ಮುಂಚೆಯೇ. "ಲೋಡಿಗೆ ಕೈ ಹಚ್ಚಬ್ಯಾಡ ಅಕ್ಕಾ. ಮೂವತ್ತೆರಡ ವರ್ಷದಾಗ ಒಂದ ಪೆಂಟಿ ಒಡದಿಲ್ಲ. ಡ್ರೈವರ್ ಲೋಡ್ ತಿಂದ ಅಂತಾರ."

"ಲೇ ಮಾದ್ಯಾ, ಬಾಯಿ ಮುಚ್ಚು. ಹಗ್ಗ ಯಾವ ಕಡೆ ಬಿಚ್ಚಲಿ ಅಷ್ಟ ಹೇಳು."

ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ: "ಹಿಂದ, ಎಡಗಡೆ ಮೂಲಿ. ಎರಡನೇ ಗಂಟ ಜಗ್ಗು. ಮೊದಲನೇದು ಮುಟ್ಟಿದ್ರ ಇಡೀ ತಾಡಪತ್ರಿ ಹಾರತೈತಿ."

ಸೀರೆಯನ್ನು ಸೊಂಟಕ್ಕೆ ಸಿಗಿಸಿ, ಹಿಂಬಾಗಿಲಿನ ಕಬ್ಬಿಣದ ಪಟ್ಟಿಗಳ ಮೇಲೆ ಕಾಲಿಟ್ಟು ಹತ್ತಿದೆ. ಎರಡನೆಯ ಗಂಟು ಜಗ್ಗಿದರೆ ಅವನು ಹೇಳಿದಂತೆಯೇ ಒಂದು ಮೂಲೆ ಮಾತ್ರ ಸಡಿಲಾಯಿತು. ಅಂಚಿನ ಪೆಂಟಿಯ ಬಟ್ಟೆ ಸರಿಸಿ, ಗಾಲಿ ಬಡಿಯುವ ರಾಡಿನಿಂದ ಮೂರು ಪೆಟ್ಟು ಹಾಕಿ ಒಂದು ಮುಷ್ಟಿ ಬೆಲ್ಲ ಒಡೆದೆ. ಅರ್ಧ ನೀರಿನಲ್ಲಿ ಕದಡಿ ಕುಡಿಸಿದೆ, ಅರ್ಧ ಬಾಯಿಗೆ ಹಾಕಿದೆ. ಕಾಲು ತಾಸಿಗೆ ಎಂಬತ್ತೆರಡಾಯಿತು. ನಡುಕ ನಿಂತಿತು. ಆಮೇಲೆ ಪೆಟ್ಟಿಗೆಯಿಂದ ರೊಟ್ಟಿ, ಚಟ್ನಿ, ಮೊಸರು ತೆಗೆದು ಇಬ್ಬರೂ ಲಾರಿಯ ನೆರಳಿನಲ್ಲಿ ಕೂತು ಉಂಡೆವು.

"ಛಲೋ ಐತಿ ಬೆಲ್ಲ," ಎಂದ ತಮ್ಮ. "ಇಷ್ಟ ವರ್ಷ ಹೇರಿದೆ, ಇದರ ರುಚಿ ಇವತ್ತ ಗೊತ್ತಾತು."

ಜಮಖಂಡಿಯ ಡಾಕ್ಟರರಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಊರಿಗೆ ಬರುವವರೆಗೆ ಆ ಗುಳಿಗೆ ನಿಲ್ಲಿಸಿ, ಇವತ್ತು ತಾಸಿಗೊಮ್ಮೆ ನೋಡಿ, ಸಕ್ಕರೆ ನೆಟ್ಟಗೆ ನಿಲ್ಲುವವರೆಗೆ ಗಾಡಿ ಮುಟ್ಟಬಾರದು, ಬಂದ ಮೇಲೆ ಬೇರೆ ಗುಳಿಗೆ ಬರೆಯುತ್ತೇನೆ ಎಂದರು. ಸಂಜೆ ನಾಲ್ಕರವರೆಗೆ ಅಲ್ಲೇ ಕೂತೆವು. ಮಾಲಕರ ಫೋನು ಬಂತು. "ಆರಾಮ ಇದ್ದಿಲ್ರಿ, ಗಾಡಿ ನಿಂದರಿಸೇನಿ," ಎಂದು ತಮ್ಮ ನೇರವಾಗಿ ಹೇಳಿದ. ಆರು ಸಲ ಬೆರಳು ಚುಚ್ಚಿಸಿಕೊಂಡ. ಆರನೆಯ ಸಲ ನೂರಾ ಹದಿನೆಂಟು ಬಂದ ಮೇಲೆ ಕೀಲಿ ಅವನ ಕೈಗೆ ಕೊಟ್ಟೆ. ವೇಳಾಪಟ್ಟಿಯ ಹಾಳೆಯನ್ನು ನಾನೇ ಕಿತ್ತು ಮಡಚಿ ಚೀಲಕ್ಕೆ ಹಾಕಿದೆ.

ಅವನು ಆ ಸಂಜೆ ಮೂವತ್ತು ಕಿಲೋಮೀಟರ್ ಮಾತ್ರ ಓಡಿಸಿದ. ಮರುದಿನ ವಾಪಿ ದಾಟಿದ ಮೇಲೆ ರಸ್ತೆ ಸಪಾಟಾಯಿತು, ಎರಡೂ ಕಡೆ ಚಿಕ್ಕೂ ತೋಟಗಳು, ಬಿಸಿಲು ಚುರುಕು. ಆಗ ಅವನು ಎದುರಿಗೇ ನೋಡುತ್ತ ಕೇಳಿದ: "ಘಾಟಿನ ಮಾತು ಕಸ್ತೂರಿಗೆ ಹೇಳಬ್ಯಾಡ ಹೌದಲ್ಲ?"

"ಹೇಳ್ತೀನಿ."

"ತಪ್ಪು ನಿಂದ ಇತ್ತಲ್ಲ ಅಕ್ಕಾ."

"ಅದನ್ನೂ ಹೇಳ್ತೀನಿ. ಕೇಸ್ ಪೇಪರಿನ್ಯಾಗ ಸುಳ್ಳ ಬರ್ಯೂದು ನನಗ ಗೊತ್ತಿಲ್ಲ."

"ಹಂಗಾದ್ರ ನನ್ನ ಗಾಡಿ ಮುಗೀತು ಬಿಡು," ಎಂದವನು ಮುಖ ಬಿಗಿದು ಗಾಡಿ ಹೊಡೆದ. ಊಟಕ್ಕೆ ಮಾತ್ರ ಒಂದು ಗಂಟೆಗೆ ತಾನಾಗಿ ನಿಲ್ಲಿಸಿದ.

ಐದನೆಯ ದಿನ ಬೆಳಿಗ್ಗೆ ಅಹಮದಾಬಾದಿನ ಬೆಲ್ಲದ ಪೇಟೆಯಲ್ಲಿ ಲಾರಿ ಹಿಂದಕ್ಕೆ ತಿರುಗಿಸಿ ಹಚ್ಚಿದೆವು. ಅಲ್ಲಿಯ ಹಮಾಲರು ತಾಡಪತ್ರಿಗೆ ಕೈ ಹಾಕುವ ಮುಂಚೆ ತಮ್ಮ ತಾನೇ ಹತ್ತಿ, ಒಡೆದ ಪೆಂಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮಾಲು ಕೊಳ್ಳುವ ಶೇಟರ ಮುಂದಿನ ಮೇಜಿನ ಮೇಲಿಟ್ಟ. ಒಡೆದ ಮಾಲನ್ನು ಡ್ರೈವರ್ ಮೊದಲು ತಾನಾಗಿ ತೋರಿಸಬೇಕು, ಇನ್ನೊಬ್ಬರು ಹುಡುಕಿದರೆ ಅದು ಕಳವು. ಇದು ಅವರೊಳಗಿನ ಕಟ್ಟಳೆ. ಶೇಟರು ಎಪ್ಪತ್ತು ದಾಟಿದ, ಕನ್ನಡಕದ ಮುದುಕ. ಒಡೆದ ಅಂಚನ್ನು ಬೆರಳಿಂದ ಸವರಿ ಹಿಂದಿಯಲ್ಲಿ, ದಾರಿಯಲ್ಲಿ ಇಲಿ ಬಂದಿತ್ತೇ ಎಂದು ಕೇಳಿದರು.

"ಚೂಹಾ ನಹೀಂ ಶೇಟ್‌ಜಿ, ಮೈಂ," ಎಂದ ತಮ್ಮ.

ನಾನು ನನಗೆ ಬರುವಷ್ಟು ಹಿಂದಿಯಲ್ಲಿ ನಡೆದದ್ದನ್ನು ಹೇಳಿದೆ. ಗುಳಿಗೆ ಕೊಟ್ಟವಳು ನಾನು, ಪೆಂಟಿ ಒಡೆದವಳೂ ನಾನು ಎಂದೆ. ಶೇಟರು ಕೇಳಿ ಮುಗಿಸಿ ತಮ್ಮದೇ ಅಂಗಿಯ ಕಿಸೆಯಿಂದ ಒಂದು ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಹನ್ನೆರಡು ವರ್ಷದಿಂದ ಬೆಲ್ಲದ ನಡುವೆ ಕೂತು ಬೆಲ್ಲ ಮುಟ್ಟಿಲ್ಲವಂತೆ. "ನೀನು ಅದೃಷ್ಟವಂತ, ನಿನಗೆ ಅಕ್ಕನೇ ತಿನ್ನಿಸಿದಳು," ಎಂದು ನಕ್ಕು, ಆ ಪೆಂಟಿಯನ್ನು ಹಮಾಲರ ಚಹಾಕ್ಕೆ ಕಳಿಸಿದರು. ಇಳಿಸುವುದು ಮುಗಿಯುವವರೆಗೆ ನನಗೆ ಕುರ್ಚಿ, ಫ್ಯಾನು, ಸಪ್ಪನ ಚಹಾ. ಹೊರಬಂದ ಮೇಲೆ ತಮ್ಮ ನಿನ್ನೆಯಿಂದ ಹಿಡಿದ ಬಿಗುಮಾನ ಬಿಟ್ಟು, "ಶೇಟಗೋಳು ಮುದುಕರಾದ್ರೂ ಅಂಗಡಿ ಬಿಟ್ಟಿಲ್ಲ ನೋಡು," ಎಂದ. ನಾನು, "ಅಂಗಡಿ ಇಳಜಾರಿನ್ಯಾಗ ಓಡಂಗಿಲ್ಲಪಾ," ಎಂದೆ.

ಆರನೆಯ ದಿನ ಸೂರತ್ತಿನಲ್ಲಿ ನೂಲಿನ ಮೂಟೆ ತುಂಬಿದೆವು. ನೂಲು ಹಗುರ, ಗಾಡಿ ಕುಣಿಯುತ್ತ ಬಂತು. ವಾಪಸು ದಾರಿಯಲ್ಲಿ ನಾವು ಬೇರೆ ಪದ್ಧತಿ ಹಾಕಿಕೊಂಡಿದ್ದೆವು: ಊಟ ಕಣ್ಣಿಗೆ ಕಾಣಬೇಕು, ಮೂರು ತಾಸು ದಾಟಬಾರದು, ಕ್ಯಾಬಿನ್ನಿನಲ್ಲಿ ಸಕ್ಕರೆ ಇರಲೇಬೇಕು. ಪೆಪ್ಪರಮಿಂಟಿನ ಹೊಸ ಬಾಟಲಿಯನ್ನು ಸೂರತ್ತಿನಲ್ಲಿ ನಾನೇ ಕೊಂಡೆ. ಅದೇ ಘಾಟ್ ಹತ್ತುವ ಮುಂಚೆ ಅವನು ಕೆಳಗೆ ನಿಂತು ಹೊಟ್ಟೆ ತುಂಬ ಉಂಡ.

ಎಂಟನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಬನಹಟ್ಟಿ ಮುಟ್ಟಿದೆವು. ನೂಲಿನ ಅಂಗಡಿಯ ಕಟ್ಟೆಯ ಮೇಲೆ ಕಸ್ತೂರಿ ಕೂತಿದ್ದಳು. ಮುಧೋಳದಲ್ಲಿ ಕಾಯಲಾರದೆ ಬಸ್ಸಿಗೆ ಬಂದುಬಿಟ್ಟಿದ್ದಳು. ತಮ್ಮ ಅವಳನ್ನು ನೋಡಿದವನೇ ಹಗ್ಗ ಬಿಚ್ಚುವ ನೆಪದಲ್ಲಿ ಲಾರಿಯ ಆಚೆ ಬದಿಗೆ ಹೋದ.

"ಹೇಳ್ರೀ ಅಕ್ಕಾರ," ಎಂದಳು.

ನಾನು ಘಾಟಿನಿಂದಲೇ ಶುರು ಮಾಡಿದೆ. ಏಳೂವರೆಯ ಗುಳಿಗೆ, ಐವತ್ನಾಲ್ಕು, ನಾನು ಹಮಾಲರಿಗೆ ಕೊಟ್ಟ ಸಕ್ಕರೆ ಡಬ್ಬಿ, ಒಡೆದ ಪೆಂಟಿ. ಏನನ್ನೂ ಬಿಡಲಿಲ್ಲ. ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು. ಮುಗಿದ ಮೇಲೆ ಅವಳು ಕೇಳಿದ ಪ್ರಶ್ನೆ ನಾನು ಎಣಿಸಿದ್ದಲ್ಲ.

"ತಾವ ನಿಂದರಿಸಿದ್ರೇನ್ರಿ ಗಾಡಿ? ನೀವು ಹೇಳಿದ್ದಕ್ಕಲ್ಲ?"

"ನಾ ಇನ್ನ ಹತ್ತ ನಿಮಿಷ ಹೊಡಿ ಅಂದಿದ್ದೆ. ಅವ ಕೇಳಲಿಲ್ಲ. ನಿಂದರಿಸಿ, ಕೀಲಿ ತಗದು ಕೈಯಾಗ ಕೊಟ್ಟು, ಮೊದಲ ಗಾಲಿಗೆ ಕಲ್ಲ ಕೊಡು ಅಂದ."

ಕಸ್ತೂರಿ ಲಾರಿಯ ಕಡೆ ನೋಡಿದಳು. "ನನಗ ಸಕ್ರಿ ಬ್ಯಾನಿ ಅಂಜಿಕಿ ಇದ್ದಿದ್ದಿಲ್ರಿ," ಎಂದಳು. "ಇವ್ರು ನಿಂದ್ರಂಗಿಲ್ಲ ಅನ್ನೂ ಅಂಜಿಕಿ ಇತ್ತು. ಮೈಯಾಗ ಜ್ವರ ಇದ್ರೂ ಹೊಡದಾರ, ನಾ ಹಡ್ಯಾಕ ದವಾಖಾನ್ಯಾಗ ಇದ್ದಾಗೂ ಹೊಡದಾರ. ನಿಂದರಿಸಿದ್ರು ಅಂದ್ರ, ಹೊಡೀಲಿ ಬಿಡ್ರಿ. ನಂದೇನೂ ಅಡ್ಡಿಲ್ಲ."

ಲಾರಿಯ ಆಚೆಯಿಂದ ತಮ್ಮನ ತಲೆ ಈಚೆ ಬಂತು.

"ನಂದು ಅಡ್ಡಿ ಐತಿ," ಎಂದೆ ನಾನು. ಇಬ್ಬರೂ ನನ್ನ ಕಡೆ ತಿರುಗಿದರು. "ಗುಳಿಗಿ ಬದಲಾಗಬೇಕು. ಹೊಸ ಗುಳಿಗಿ ಮೈಗೆ ಹೊಂದಿತೋ ಇಲ್ಲೋ ಮೂರು ತಿಂಗಳು ನೋಡಬೇಕು. ಡಾಕ್ಟರು ಹೂಂ ಅಂದ್ರ, ಅಲ್ಲೀ ಮಟ ಇಲ್ಲೇ ಸನೇದ ಇಚಲಕರಂಜಿ ಲೈನ್ ಹೊಡಿ. ಬೆಳಗ್ಗೆ ಉಂಡು ಹೋಗು, ರಾತ್ರಿ ಮನ್ಯಾಗ ಉಣ್ಣು. ಘಾಟ್ ಇಲ್ಲ. ಗುಜರಾತ್ ಆಮ್ಯಾಲ, ಎರಡನೇ ಡ್ರೈವರ್ ಇದ್ರ ಮಾತ್ರ."

"ಇಚಲಕರಂಜಿ!" ಎಂದ ತಮ್ಮ. "ಅದೇನ್ ಗಾಡಿ ಹೊಡ್ಯೂದಾ ಅಕ್ಕಾ? ಅದು ಕಿರಾಣಿ ಅಂಗಡಿಗೆ ಸೈಕಲ್ ಹೊಡ್ಯೂದು!"

"ಹಂಗಾರ ಕೀಲಿ ಕೊಡು."

ಅವನು ಕಿಸೆಯ ಮೇಲೆ ಕೈ ಇಟ್ಟುಕೊಂಡ. ಕಸ್ತೂರಿಯ ಮುಖ ನೋಡಿದ, ನನ್ನ ಮುಖ ನೋಡಿದ. ಮೂಟೆ ಇಳಿಸುತ್ತಿದ್ದ ನೇಕಾರರು ಕೆಲಸ ಬಿಟ್ಟು ಕೇಳುತ್ತ ನಿಂತಿದ್ದರು. ಅವರಲ್ಲಿ ಒಬ್ಬ ಹಿರಿಯ, "ಒಪ್ಪಗೊಳ್ಳೋ ಮಾದೇವ, ಇಚಲಕರಂಜಿ ಮಿಸಳ ಪಾವ್ ಛಲೋ ಇರತೈತಿ," ಎಂದ. ಎಲ್ಲರೂ ನಕ್ಕರು.

"ಆತು," ಎಂದ ತಮ್ಮ. "ಮೂರು ತಿಂಗಳು. ಒಂದು ದಿನ ಹೆಚ್ಚಿಲ್ಲ."

"ಒಂದು ದಿನ ಕಡಿಮೀನೂ ಇಲ್ಲ," ಎಂದೆ.

ನನಗೆ ಎರಡೂ ಕಾಲರ ಜಮಖಂಡಿ ಬಸ್ಸು ಇತ್ತು. ಅವರು ಮಹಾಲಿಂಗಪುರದ ಮೇಲೆ ಮುಧೋಳಕ್ಕೆ ಹೋಗುವವರು. ಕಸ್ತೂರಿಯನ್ನೂ ಲಾರಿಯಲ್ಲೇ ಕರೆದುಕೊಂಡು ಹೋಗು ಎಂದಾಗ ಗಂಡ ಹೆಂಡತಿ ಇಬ್ಬರೂ ನಾಚಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಆ ಕ್ಯಾಬಿನ್ ಹತ್ತಿರಲಿಲ್ಲವಂತೆ. ನಾನು ಅವಳಿಗೆ ಯಾವ ಹಿಡಿಕೆ ಹಿಡಿಯಬೇಕು, ಯಾವ ಮೆಟ್ಟಿಲಿಗೆ ಎಡಗಾಲು ಎಂದು ತೋರಿಸಿ ಹತ್ತಿಸಿದೆ. ಚೀಲ ಎತ್ತಿಕೊಂಡು ರಸ್ತೆ ದಾಟಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ.

ಬಸ್ಸು ಐದು ನಿಮಿಷ ತಡವಾಗಿ ಹೊರಟಿತು. ಅಷ್ಟು ಹೊತ್ತೂ ಲಾರಿ ಹೊರಡಲಿಲ್ಲ. ಮುಂದಿನ ಗಾಜಿನ ಒಳಗೆ ಇಬ್ಬರೂ ಕಾಣುತ್ತಿದ್ದರು. ಕಸ್ತೂರಿ ಒಂದೊಂದನ್ನೇ ಬೆರಳು ಮಾಡಿ ಇದೇನು, ಅದೇನು ಎಂದು ಕೇಳುತ್ತಿದ್ದಳು, ಅವನು ಇಂಜಿನ್ ಬಂದ್ ಮಾಡಿ ಅವಳ ಕಡೆ ತಿರುಗಿ ಕೂತು ಹೇಳುತ್ತಿದ್ದ. ಹಿಂದೆ ಒಂದು ಕಬ್ಬಿನ ಟ್ರ್ಯಾಕ್ಟರು ದಾರಿ ಬಿಡೆಂದು ಹಾರ್ನು ಬಡಿಯುತ್ತಿತ್ತು. ಅವನು ಕಿಟಕಿಯಿಂದ ಕೈ ಹಾಕಿ, ನೀನು ಮುಂದೆ ಹೋಗಪ್ಪಾ ಎಂದು ಸನ್ನೆ ಮಾಡಿದ.